ಕಿನ್ನಾಳದ ನಲವತ್ತು ದಿನ

ನಮ್ಮ ಚಿತ್ರಕಲಾ ಮಾಸ್ತರರು ತೀರಿಕೊಂಡ ಸುದ್ದಿ ಬಂದಾಗ ನಾನು ಮರದ ಗರುಡ ಗೊಂಬೆಯ ರೆಕ್ಕೆಯ ಸಂದಿಗೆ ಕಿಟ್ಟ ಎಂಬ ಅಂಟುಮುದ್ದೆ ತುಂಬುತ್ತಿದ್ದೆ. ಆರುವ ಮೊದಲೇ ನಯ ಮಾಡಬೇಕೆಂದು ಕಲಿಸಿದವರು ಅವರೇ. ಮುಗಿಸಿಯೇ ಎದ್ದೆ.

ಎರಡನೇ ವರ್ಷದ ಬೇಸಿಗೆ ರಜೆಯಲ್ಲಿ ಅವರು ನಮ್ಮ ನಾಲ್ವರನ್ನು ಮರದ ಗೊಂಬೆಗಳಿಗೆ ಹೆಸರಾದ, ಕೊಪ್ಪಳದ ಬಳಿಯ ಕಿನ್ನಾಳಕ್ಕೆ ಕರೆದೊಯ್ದು, ಇಬ್ಬಿಬ್ಬರನ್ನು ಒಂದೊಂದು ಚಿತ್ರಗಾರರ ಮನೆಯಲ್ಲಿ ಬಿಟ್ಟರು. ಷರತ್ತು ಒಂದೇ: ಹೊರಬರುವ ಗೊಂಬೆಯಲ್ಲಿ ಮನೆಯ ಹಿರಿಯರ ಕೈ ಯಾವುದು, ನಮ್ಮ ಕೈ ಯಾವುದು ಎಂದು ಗುರುತು ಸಿಗಬಾರದು. ಗೋಣಿಯ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಡನೆ ನಾದಿದರೆ ಕಿಟ್ಟ. ನಾನು ತುಂಬಿದ್ದನ್ನು ಹಿರಿಯರು ಮೂರು ಸಲ ಹೆಬ್ಬೆರಳಿನಿಂದ ಒತ್ತಿ ತೆಗೆದರು. ಒಂದು ಮಾತನ್ನೂ ಆಡಲಿಲ್ಲ. ನಾಲ್ಕನೆಯದನ್ನು ಮುಟ್ಟಲಿಲ್ಲ. ಆ ಸಂಜೆಯಷ್ಟು ಸಂತೋಷ ನನಗೆ ಯಾವ ಬಹುಮಾನದಿಂದಲೂ ಸಿಕ್ಕಿಲ್ಲ.

ಗೊಂಬೆಗೆ ಬಂಗಾರದ ಹೊಳಪು ಕೊಡುವ ಲಾಜವರ ಲೇಪ ಕಲಿತದ್ದು ಮಾತ್ರ ತುಂಟತನದಿಂದ. ತವರವನ್ನು ನುಣ್ಣಗೆ ಮಾಡಿ ಅಂಟಿನೊಡನೆ ಬಳಿದು, ಉಜ್ಜಿ ಬೆಳ್ಳಿಯ ಹೊಳಪು ತಂದು, ಮೇಲೆ ಹಳದಿ ಲೇಪಿಸಿದರೆ ಬಂಗಾರವೇ. ಒಂದು ರಾತ್ರಿ ನಾನೂ ನನ್ನ ಗೆಳೆಯನೂ ಉಳಿದಿದ್ದನ್ನೆಲ್ಲ ಮಾಸ್ತರರ ಕೊಡೆಯ ಹಿಡಿಗೆ ಬಳಿದೆವು. ಬೆಳಿಗ್ಗೆ ಅವರು ಹಿಡಿಯನ್ನು ಬಿಸಿಲಿಗೆ ತಿರುಗಿಸಿ ನೋಡಿ, "ಉಜ್ಜಿದ್ದು ಸಾಲದು, ಮಂಕಾಗಿದೆ" ಎಂದು ಕೆರೆಸಿದರು. ಮತ್ತೆ ಬಳಿಸಿದರು. ಮೂರು ದಿನ ಅದೇ ಕೆಲಸ.

ಈಗಿನ ಎಷ್ಟೋ ಕಲಾ ಶಿಬಿರಗಳು ಕೆಲವೇ ದಿನಕ್ಕೆ ಮುಗಿಯುತ್ತವೆ. ಕಿಟ್ಟ ಹದಕ್ಕೆ ಬರುವಷ್ಟರಲ್ಲಿ ಪ್ರಮಾಣಪತ್ರ ಕೈಗೆ ಬಂದಿರುತ್ತದೆ. ಎಳೆಯ ಕಲಾವಿದರಿಗೆ ಇದು ಅನ್ಯಾಯ. ದಿನಗಟ್ಟಲೆ ಜೊತೆಗೆ ಕುಳಿತು ಕೆಲಸ ಮಾಡುವ ಚಿತ್ರಗಾರರಿಗೂ ಅನ್ಯಾಯ. ಅದಕ್ಕೇ ನನ್ನ ಮನೆಯ ಮಾಳಿಗೆಯಲ್ಲಿ ಪ್ರತಿ ಬೇಸಿಗೆ ನಾಲ್ವರು ಯುವಕ ಯುವತಿಯರನ್ನು ಕಿನ್ನಾಳದ ಒಬ್ಬ ಕುಶಲಕರ್ಮಿಯೊಂದಿಗೆ ಪೂರಾ ನಲವತ್ತು ದಿನ ಇರಿಸಿಕೊಳ್ಳುತ್ತೇನೆ. ಹಿರಿಯರಿಗೆ ದಿನಗೂಲಿಯಲ್ಲ, ಗುರುಗಳಿಗೆ ಸಲ್ಲುವ ಗೌರವಧನ. ಇಲ್ಲಿ ಪಳಗಿದ ಇಬ್ಬರ ಕೆಲಸಗಳು ಬೆಂಗಳೂರಿನ ಚಿತ್ರಸಂತೆಯಲ್ಲಿ ಮಾರಾಟವಾಗಿವೆ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಹದಿಮೂರನೆಯ ದಿನ ಮಾಸ್ತರರ ಮನೆಗೆ ಹೋದಾಗ ಅಮ್ಮನವರು ಆ ಕೊಡೆಯನ್ನು ನನ್ನ ಕೈಗಿತ್ತರು. ಬಟ್ಟೆ ಎಷ್ಟು ಸಲ ಬದಲಾಗಿದೆಯೋ. ಅಂಗೈ ಉಜ್ಜುವ ಕಡೆ ಕಟ್ಟಿಗೆ ಕಾಣುತ್ತಿತ್ತು. ಹಿಡಿಯ ತುದಿಯ ಒಳಬಾಗಿನಲ್ಲಿ ಉಗುರಿನಷ್ಟು ಬಂಗಾರ ಹಾಗೆಯೇ ಇತ್ತು. ಮುಂದಿನ ಬೇಸಿಗೆಗೆ ಬರುವವರಿಗೆ ಮೊದಲು ಅದನ್ನೇ ತೋರಿಸುತ್ತೇನೆ.