ಫುಕುಶಿಮಾದ ಗದ್ದೆಗಳಿಗೆ ಏನಾಯಿತು?

ಫುಕುಶಿಮಾ ಅಂದರೆ ಬಹಳ ಜನಕ್ಕೆ ನೆನಪಾಗುವುದು ಒಂದೇ ದೃಶ್ಯ. ಸಮುದ್ರದ ಪಕ್ಕ ಅಣು ಸ್ಥಾವರದ ಪೆಟ್ಟಿಗೆ ತರಹದ ಕಟ್ಟಡ, ಅದರ ಸೂರು ಹಾರಿಹೋಗಿ ಹೊಗೆ ಏಳುತ್ತಿರುವುದು. 2011ರ ಮಾರ್ಚ್. ಆಗ ನಮ್ಮಲ್ಲಿ ವಿಶ್ವಕಪ್ ಜೋರಾಗಿ ನಡೆಯುತ್ತಿತ್ತು. ಟಿವಿಯಲ್ಲಿ ಸ್ವಲ್ಪ ದಿನ ಜಪಾನ್ ಬಂತು, ಆಮೇಲೆ ಏಪ್ರಿಲ್ 2ರಂದು ಧೋನಿ ಸಿಕ್ಸ್ ಹೊಡೆದರು, ಅಲ್ಲಿಗೆ ಫುಕುಶಿಮಾ ಸುದ್ದಿ ಮುಗಿದೇ ಹೋಯಿತು.

ನಾನು ಮಾತ್ರ ಬಿಡಲಿಲ್ಲ. ಇವತ್ತಿಗೂ ಅಲ್ಲಿ ಏನು ನಡೆಯುತ್ತಿದೆ ಅಂತ ಹುಡುಕಿ ಓದುತ್ತೇನೆ. ಸ್ನೇಹಿತರು ಕೇಳುತ್ತಾರೆ, ನಿನಗೂ ಅದಕ್ಕೂ ಏನು ಸಂಬಂಧ, ನೀನೇನು ವಿಜ್ಞಾನಿನಾ ಅಂತ. ಅಲ್ಲ. ನಮ್ಮದು ಮಂಡ್ಯ ಕಡೆ ನಾಲೆ ಬಯಲಿನ ಊರು. ಫುಕುಶಿಮಾ ಪ್ರಾಂತ್ಯದ ಫೋಟೋಗಳನ್ನು ನೋಡಿದರೆ ಅಲ್ಲೂ ಭತ್ತದ ಗದ್ದೆ, ಬದು, ಕಾಲುವೆ, ಮನೆ ಪಕ್ಕ ಹಸುವಿನ ಕೊಟ್ಟಿಗೆ. ರಿಯಾಕ್ಟರ್ ಕಥೆ ಎಲ್ಲರೂ ಹೇಳಿದರು. ಆ ಗದ್ದೆಗಳ ಕಥೆ ಹೇಳಿದವರು ಕಡಿಮೆ. ನನಗೆ ಬೇಕಾಗಿದ್ದು ಅದು.

ರಿಯಾಕ್ಟರ್ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಮಾರ್ಚ್ 11, ಶುಕ್ರವಾರ, ಅಲ್ಲಿನ ಮಧ್ಯಾಹ್ನ 2.46ಕ್ಕೆ 9.0 ತೀವ್ರತೆಯ ಭೂಕಂಪ. ಆರು ರಿಯಾಕ್ಟರ್‌ಗಳಲ್ಲಿ ಓಡುತ್ತಿದ್ದುದು ಮೂರು, ಮೂರೂ ತಾವಾಗಿಯೇ ನಿಂತವು. ಆದರೆ ನಿಂತರೆ ಆಗಲಿಲ್ಲ. ಆಲೆಮನೆ ಒಲೆಗೆ ಸಿಪ್ಪೆ ಹಾಕುವುದು ನಿಲ್ಲಿಸಿದ ಮೇಲೂ ಕೊಪ್ಪರಿಗೆ ಎಷ್ಟೋ ಹೊತ್ತು ಕುದಿಯುತ್ತಲ್ಲ, ಹಾಗೆ ಒಳಗಿನ ಇಂಧನ ಕಾಯುತ್ತಲೇ ಇರುತ್ತದೆ. ಅದನ್ನು ತಣಿಸಲು ನೀರು ಬೇಕು, ನೀರಿಗೆ ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಭೂಕಂಪಕ್ಕೆ ಹೊರಗಿನ ಲೈನು ಹೋಯಿತು, ಡೀಸೆಲ್ ಜನರೇಟರ್ ಶುರುವಾದವು. ಮುಕ್ಕಾಲು ಗಂಟೆಯಾದ ಮೇಲೆ ಹದಿನಾಲ್ಕು ಹದಿನೈದು ಮೀಟರ್ ಎತ್ತರದ ಸುನಾಮಿ ಬಂತು. ಜನರೇಟರ್‌ಗಳು ಮತ್ತು ಸ್ವಿಚ್ ಬೋರ್ಡುಗಳು ಬಹುಪಾಲು ನೆಲಮಾಳಿಗೆಯಲ್ಲಿದ್ದವು! ಅಲ್ಲಿಗೆ ಮುಗಿಯಿತು. ಮೂರು ರಿಯಾಕ್ಟರ್‌ಗಳ ಇಂಧನ ಕರಗಿತು, ಜಲಜನಕ ತುಂಬಿಕೊಂಡು 12, 14, 15ನೇ ತಾರೀಖು ಒಂದೊಂದೇ ಕಟ್ಟಡ ಸಿಡಿದವು.

ಇದನ್ನು ಯಾರೂ ಊಹಿಸಿರಲಿಲ್ಲ ಅಂತ ಆಗ ಹೇಳಿದರು. ಸುಳ್ಳು. 2008ರಲ್ಲೇ ಸ್ಥಾವರ ನಡೆಸುತ್ತಿದ್ದ ಕಂಪನಿಯ ಒಳಗಿನ ಲೆಕ್ಕದಲ್ಲಿ 15.7 ಮೀಟರ್ ಅಲೆ ಬರಬಹುದು ಅಂತ ಬಂದಿತ್ತು. ಗೋಡೆ ಎತ್ತರ ಮಾಡಲಿಲ್ಲ. ಇನ್ನೊಂದು ಕಡೆ, ಭೂಕಂಪದ ಕೇಂದ್ರಕ್ಕೆ ಫುಕುಶಿಮಾಗಿಂತ ಹತ್ತಿರ ಇದ್ದ ಒನಗಾವಾ ಸ್ಥಾವರ ಉಳಿದುಕೊಂಡಿತು. ಯಾನೊಸುಕೆ ಹಿರಾಯ್ ಅಂತ ಒಬ್ಬ ಎಂಜಿನಿಯರ್ ದಶಕಗಳ ಹಿಂದೆಯೇ, ಇಲ್ಲಿಗೆ ದೊಡ್ಡ ಅಲೆ ಬರುತ್ತದೆ, ಎತ್ತರದಲ್ಲಿ ಕಟ್ಟಿ ಅಂತ ಹಟ ಹಿಡಿದಿದ್ದರು. 14.8 ಮೀಟರ್ ಎತ್ತರದಲ್ಲಿ ಕಟ್ಟಿದರು. ಸುನಾಮಿಯಲ್ಲಿ ಮನೆ ಕಳೆದುಕೊಂಡ ಊರಿನವರು ಆಶ್ರಯ ಪಡೆದದ್ದು ಆ ಅಣು ಸ್ಥಾವರದ ವ್ಯಾಯಾಮ ಶಾಲೆಯಲ್ಲಿ! ಫುಕುಶಿಮಾದಲ್ಲಿ ಇದಕ್ಕೆ ಉಲ್ಟಾ. ಮೂವತ್ತೈದು ಮೀಟರ್ ಎತ್ತರದ ದಿಬ್ಬವನ್ನು ಹತ್ತು ಮೀಟರಿಗೆ ಕಡಿದು ಸ್ಥಾವರ ಕಟ್ಟಿದ್ದರು. ಕಂಪನಿಯ ಹಳೆಯ ದೊಡ್ಡವರ ಮೇಲೆ ಕ್ರಿಮಿನಲ್ ಕೇಸು ನಡೆಯಿತು. 2025ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಖುಲಾಸೆ ಆಯಿತು.

ಈಗ ಊರುಗಳಿಗೆ ಬರೋಣ.

ಮೊದಲು 3 ಕಿಲೋಮೀಟರ್ ಒಳಗಿನವರು ಹೊರಡಿ ಅಂದರು, ಆಮೇಲೆ 10, ಮರುದಿನ ಸಂಜೆಗೆ 20. ಮ್ಯಾಪಿನ ಮೇಲೆ ಕೈವಾರ ಇಟ್ಟು ಸುತ್ತು ಎಳೆದ ಹಾಗೆ. ಆದರೆ ಗಾಳಿ ಕೈವಾರದ ಮಾತು ಕೇಳುವುದಿಲ್ಲವಲ್ಲ. 15ನೇ ತಾರೀಖು ಗಾಳಿ ವಾಯವ್ಯಕ್ಕೆ ತಿರುಗಿತು, ಮಳೆ ಮತ್ತು ಹಿಮ ಬಿತ್ತು, ವಿಕಿರಣದ ಧೂಳು ಅದರ ಜೊತೆ ನೆಲಕ್ಕೆ ಇಳಿಯಿತು. ಆ ದಿಕ್ಕಿನಲ್ಲಿದ್ದ ಹಳ್ಳಿ ಇಟಾಟೆ. ಸ್ಥಾವರದಿಂದ ಮೂವತ್ತು ನಲವತ್ತು ಕಿಲೋಮೀಟರ್ ದೂರ, 20ರ ಸುತ್ತಿನಿಂದ ಆಚೆ. ಅಲ್ಲಿನ ಜನ ತಮಗೇನೂ ಆಗುವುದಿಲ್ಲ ಅಂದುಕೊಂಡು, ಕರಾವಳಿಯಿಂದ ಓಡಿ ಬಂದವರಿಗೆ ಅನ್ನ ಬೇಯಿಸಿ ಹಾಕುತ್ತಿದ್ದರು. ಅವರಿಗೆ ಊರು ಬಿಡಿ ಅಂತ ಅಧಿಕೃತವಾಗಿ ಹೇಳಿದ್ದು ಏಪ್ರಿಲ್ 22ಕ್ಕೆ. ಇನ್ನೂ ಕೆಟ್ಟದ್ದು ಅಂದರೆ, ಧೂಳು ಯಾವ ಕಡೆ ಹೋಗುತ್ತದೆ ಅಂತ ಲೆಕ್ಕ ಹಾಕುವ ಕಂಪ್ಯೂಟರ್ ವ್ಯವಸ್ಥೆ ಸರ್ಕಾರದ ಹತ್ತಿರ ಇತ್ತು. ಅದರ ಮಾಹಿತಿಯನ್ನು ಜನಕ್ಕೆ ಸಮಯಕ್ಕೆ ಸರಿಯಾಗಿ ಕೊಡಲೇ ಇಲ್ಲ. ನಾಮಿಯೆ ಪಟ್ಟಣದವರು ತಪ್ಪಿಸಿಕೊಳ್ಳುತ್ತಿದ್ದೇವೆ ಅಂತ ನೇರ ಧೂಳಿನ ದಾರಿಗೇ ಹೋಗಿ ಕೂತರು.

ಒಟ್ಟು ಸುಮಾರು 1.6 ಲಕ್ಷ ಜನ ಮನೆ ಬಿಟ್ಟರು. ವಿಕಿರಣದಿಂದ ಎಷ್ಟು ಜನ ಸತ್ತರು ಅಂತ ಎಲ್ಲರೂ ಕೇಳುತ್ತಾರೆ. ಸರ್ಕಾರ ಒಪ್ಪಿಕೊಂಡದ್ದು ಒಬ್ಬರದು, ಸ್ಥಾವರದಲ್ಲಿ ಕೆಲಸ ಮಾಡಿದ್ದ ಒಬ್ಬರ ಶ್ವಾಸಕೋಶದ ಕ್ಯಾನ್ಸರ್. ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿಯೂ ಅಲ್ಲಿನ ಜನರಲ್ಲಿ ನೇರವಾಗಿ ವಿಕಿರಣದಿಂದಲೇ ಆಯಿತು ಅನ್ನುವಂಥ ಕಾಯಿಲೆ ಕಾಣಲಿಲ್ಲ ಅಂತ ಹೇಳಿದೆ. ಆದರೆ ಅದೇ ಪ್ರಾಂತ್ಯದಲ್ಲಿ ಊರು ಬಿಟ್ಟು ಓಡಿದ್ದು, ಆಸ್ಪತ್ರೆ ಹಾಸಿಗೆಯಿಂದ ಬಸ್ಸಿಗೆ ಹಾಕಿದ್ದು, ತಾತ್ಕಾಲಿಕ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಇದ್ದದ್ದು, ಇಂಥ ಕಾರಣಗಳಿಂದ ಆಮೇಲೆ ಸತ್ತವರ ಅಧಿಕೃತ ಲೆಕ್ಕವೇ 2,300ಕ್ಕಿಂತ ಜಾಸ್ತಿ. ಬಹುಪಾಲು ವಯಸ್ಸಾದವರು. ಒಂದು ಕಡೆಯವರು ‘ಒಬ್ಬರೇ ಸತ್ತಿದ್ದು ನೋಡಿ’ ಅಂತ ಕುಣಿಯುತ್ತಾರೆ, ಇನ್ನೊಂದು ಕಡೆಯವರು ಸುನಾಮಿಯಲ್ಲಿ ಕೊಚ್ಚಿ ಹೋದವರನ್ನೂ ಸ್ಥಾವರದ ಲೆಕ್ಕಕ್ಕೆ ಸೇರಿಸುತ್ತಾರೆ. ಇಬ್ಬರ ಮೇಲೂ ನನಗೆ ಸಿಟ್ಟು ಬರುತ್ತದೆ.

ನನ್ನ ಮನಸ್ಸಿನಿಂದ ಹೋಗದೆ ಇರುವುದು ಸೋಮಾ ಅನ್ನುವ ಊರಿನ ಒಬ್ಬ ಹೈನುಗಾರನ ವಿಷಯ. ಹಾಲು ಮಾರುವ ಹಾಗಿಲ್ಲ ಅಂತ ಆದೇಶ ಬಂತು. ಹಸುವಿಗೆ ಆದೇಶ ಗೊತ್ತಾಗುತ್ತದಾ? ಕರೆಯದೆ ಬಿಟ್ಟರೆ ಕೆಚ್ಚಲು ಬಾತುಕೊಳ್ಳುತ್ತದೆ. ಹಾಗಾಗಿ ದಿನಾ ಕರೆಯುವುದು, ದಿನಾ ಚೆಲ್ಲುವುದು. 2011ರ ಜೂನ್‌ನಲ್ಲಿ ಆತ ಜೀವ ಬಿಟ್ಟ. ಕೊಟ್ಟಿಗೆಯ ಹಲಗೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ, ಈ ಅಣು ಸ್ಥಾವರ ಒಂದು ಇರದೆ ಹೋಗಿದ್ದರೆ ಅಂತ ಬರೆದಿಟ್ಟಿದ್ದ. ನಮ್ಮ ಜಿಲ್ಲೆಯಲ್ಲಿ ರೈತರ ಸಾವಿನ ಸುದ್ದಿ ಹೊಸದಲ್ಲ. ಹಾಗಾಗಿ ಇದರ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ.

ಇನ್ನು ಮಣ್ಣು. ಆ ಧೂಳಿನಲ್ಲಿದ್ದ ವಿಕಿರಣ ವಸ್ತುಗಳಲ್ಲಿ ಅಯೋಡಿನ್ 131 ಎಂಟು ದಿನಕ್ಕೊಮ್ಮೆ ಅರ್ಧ ಅರ್ಧ ಆಗುತ್ತಾ ಹೋಗುತ್ತದೆ, ಎರಡು ಮೂರು ತಿಂಗಳಲ್ಲಿ ಲೆಕ್ಕಕ್ಕಿಲ್ಲ. ತಲೆನೋವು ಸೀಸಿಯಂ 137. ಅದು ಅರ್ಧ ಆಗಲು 30 ವರ್ಷ. ಒಳ್ಳೆಯದೋ ಕೆಟ್ಟದ್ದೋ, ಅದು ಜೇಡಿಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಬಹುಪಾಲು ಮೇಲಿನ ಐದು ಸೆಂಟಿಮೀಟರಿನಲ್ಲೇ ಕೂತಿತ್ತು. ಹಾಗಾಗಿ ಏನು ಮಾಡಿದರು ಅಂದರೆ, ಆ ಐದು ಸೆಂಟಿಮೀಟರ್ ಮಣ್ಣನ್ನೇ ಕೆತ್ತಿ ತೆಗೆದು ಕಪ್ಪು ಚೀಲಗಳಿಗೆ ತುಂಬಿದರು. ಗದ್ದೆ, ಅಂಗಳ, ಶಾಲೆ ಮೈದಾನ, ಎಲ್ಲಾ ಕಡೆ.

ಇದನ್ನು ಅಪ್ಪನಿಗೆ ಹೇಳಿದೆ. "ಅಷ್ಟು ಅಂದ್ರೆ ಎಷ್ಟ್ಲಾ?" ಅಂದರು. ಮೂರು ಬೆರಳು ಅಡ್ಡ ಹಿಡಿದು ತೋರಿಸಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊಬ್ರ ಹೊಡ್ದೂ ಹೊಡ್ದೂ ನಾವ್ ಮಾಡ್ಕಂಡಿರೋದೇ ಅಷ್ಟು ಕಣ್ಲಾ. ಅದ್ನ ತಗುದ್ಮೇಲೆ ಇನ್ನೇನ್ ಬೆಳೀತಾರೆ?" ಅಂದರು. ಸರಿಯಾದ ಪ್ರಶ್ನೆ. ಅಲ್ಲಿನ ರೈತರೂ ಅದನ್ನೇ ಕೇಳಿದರು. ತೆಗೆದ ಜಾಗಕ್ಕೆ ಗುಡ್ಡದ ಮಣ್ಣು ತಂದು ಸುರಿದರು, ಅದರಲ್ಲಿ ಸಾರ ಇಲ್ಲ, ಬರೀ ಮರಳು, ಕಲ್ಲು. ತಲೆಮಾರುಗಳಿಂದ ಹದ ಮಾಡಿದ್ದ ಗದ್ದೆಯನ್ನು ಮತ್ತೆ ಒಂದರಿಂದ ಶುರು ಮಾಡಬೇಕಾಯಿತು.

ವಿಕಿರಣ ಕಡಿಮೆ ಇದ್ದ ಕಡೆ ಮಣ್ಣು ತೆಗೆಯದೆ ಬೇರೆ ದಾರಿ ಹುಡುಕಿದರು, ಈ ಭಾಗ ನನಗೆ ಬಹಳ ಇಷ್ಟ. ಸೀಸಿಯಂ ರಸಾಯನಿಕವಾಗಿ ಪೊಟ್ಯಾಷಿಯಂನ ದಾಯಾದಿ. ಬೇರಿಗೆ ಎರಡರ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ. ಮಣ್ಣಿನಲ್ಲಿ ಪೊಟ್ಯಾಷಿಯಂ ಕಮ್ಮಿ ಇದ್ದರೆ ಗಿಡ ಸಿಕ್ಕಿದ ಸೀಸಿಯಂ ಎಳೆದುಕೊಳ್ಳುತ್ತದೆ, ಪೊಟ್ಯಾಷಿಯಂ ಧಾರಾಳವಾಗಿ ಇದ್ದರೆ ಸೀಸಿಯಂ ಕಡೆ ತಿರುಗಿ ನೋಡುವುದು ಕಮ್ಮಿ. ಹಾಗಾಗಿ ಪೊಟ್ಯಾಷ್ ಹಾಕಿ! ಅಷ್ಟೇ. ಇಲ್ಲಿ ಗೊಬ್ಬರದ ಅಂಗಡಿಯಲ್ಲಿ ಯೂರಿಯಾ ಜೊತೆ ಕೊಡುವ ಅದೇ ಪೊಟ್ಯಾಷ್. 100 ಗ್ರಾಂ ಮಣ್ಣಿಗೆ ಕಡೇ ಪಕ್ಷ 25 ಮಿಲಿಗ್ರಾಂ ಇರಬೇಕು ಅಂತ ಒಂದು ಮಟ್ಟ ಇಟ್ಟುಕೊಂಡು, ಮಣ್ಣು ಪರೀಕ್ಷೆ ಮಾಡಿ, ನಾಟಿಗೆ ಮುಂಚೆ ಹಾಕಿಸಿದರು. ಕೋಟಿಗಟ್ಟಲೆ ಬೆಲೆಯ ರೋಬೋಟುಗಳು ರಿಯಾಕ್ಟರ್ ಒಳಗೆ ಹೋಗಿ ಕೆಟ್ಟು ಕೂತಿದ್ದ ಕಾಲದಲ್ಲಿ, ಗದ್ದೆಯಲ್ಲಿ ಕೆಲಸ ಮಾಡಿದ್ದು ಒಂದು ಮೂಟೆ ಪೊಟ್ಯಾಷ್.

ಆದರೆ ಅಕ್ಕಿ ಶುದ್ಧವಾದರೆ ಸಾಕಾ, ಕೊಳ್ಳುವವರು ನಂಬಬೇಕಲ್ಲ. ಅಲ್ಲೇ ಎಡವಟ್ಟಾಗಿದ್ದು. 2011ರ ಅಕ್ಟೋಬರ್‌ನಲ್ಲಿ ಪ್ರಾಂತ್ಯದ ಗವರ್ನರ್ ಕ್ಯಾಮೆರಾ ಮುಂದೆ ನಿಂತು ನಮ್ಮ ಅಕ್ಕಿ ಸುರಕ್ಷಿತ ಅಂತ ಘೋಷಣೆ ಮಾಡಿಬಿಟ್ಟರು. ಮುಂದಿನ ತಿಂಗಳೇ ಫುಕುಶಿಮಾ ನಗರದ ಒನಾಮಿ ಅನ್ನುವ ಕಡೆ ಬೆಳೆದ ಅಕ್ಕಿಯಲ್ಲಿ ಕಿಲೋಗೆ 630 ಬೆಕೆರೆಲ್ (ವಿಕಿರಣ ಅಳೆಯುವ ಮಾನ) ಸೀಸಿಯಂ ಸಿಕ್ಕಿತು. ಆಗ ಇದ್ದ ಮಿತಿ 500. ಅಲ್ಲಲ್ಲಿ ಒಂದೊಂದು ಹಿಡಿ ತೆಗೆದು ಪರೀಕ್ಷೆ ಮಾಡಿದರೆ ಹೀಗೇ ಆಗುವುದು. ಮಾನ ಹೋಯಿತು. ಪರೀಕ್ಷೆಯಲ್ಲಿ ಫೇಲಾದ ಒಂದೂರಿನ ಅಕ್ಕಿಗೆ ಇಡೀ ಪ್ರಾಂತ್ಯದ ಅಕ್ಕಿ ಬೆಲೆ ತೆರಬೇಕಾಯಿತು.

ಆಮೇಲೆ ಮಾಡಿದ ಕೆಲಸ ನೋಡಿ. 2012ರ ಬೆಳೆಯಿಂದ ಪ್ರಾಂತ್ಯದ ಪ್ರತಿಯೊಂದು ಮೂಟೆಯನ್ನೂ ಪರೀಕ್ಷೆ ಮಾಡಲು ಶುರು ಮಾಡಿದರು. ಸ್ಯಾಂಪಲ್ ಅಲ್ಲ, ಪ್ರತಿಯೊಂದು ಮೂಟೆ. 30 ಕಿಲೋ ಮೂಟೆ ಬೆಲ್ಟ್ ಮೇಲೆ ಹೋಗುತ್ತಿತ್ತು, ಏರ್‌ಪೋರ್ಟಿನಲ್ಲಿ ಬ್ಯಾಗ್ ಹೋದ ಹಾಗೆ ಮಿಷಿನ್ ಒಳಗೆ ಹೋಗಿ ಆಚೆ ಬರುತ್ತಿತ್ತು, ಪಾಸಾದರೆ ಸ್ಟಿಕ್ಕರ್. ವರ್ಷಕ್ಕೆ ಸುಮಾರು ಒಂದು ಕೋಟಿ ಮೂಟೆ! ಮಿತಿಯನ್ನೂ ಕಿಲೋಗೆ 100 ಬೆಕೆರೆಲ್‌ಗೆ ಇಳಿಸಿದ್ದರು. ಮೊದಲ ವರ್ಷ ಮಿತಿ ದಾಟಿದ್ದು 71 ಮೂಟೆ, ಮರುವರ್ಷ 28, ಅದರ ಮರುವರ್ಷ 2. 2015ರ ಬೆಳೆಯಿಂದ ಒಂದೂ ಇಲ್ಲ. ನಮ್ಮಲ್ಲಿ ಒಂದು ಕ್ವಿಂಟಾಲ್ ಭತ್ತದ ತೇವ ಅಳೆಯುವಷ್ಟರಲ್ಲಿ ಎಷ್ಟು ಜಗಳ ಆಗುತ್ತದೆ ಅಂತ ನೋಡಿದವನಿಗೆ ಒಂದು ಕೋಟಿ ಮೂಟೆ ಅನ್ನುವುದು ಪವಾಡವೇ.

ಇಷ್ಟಾದರೂ ಅಲ್ಲಿನ ಅಕ್ಕಿಗೆ ಹಳೆಯ ಹೆಸರು ಬೇಗ ವಾಪಸ್ ಬರಲಿಲ್ಲ. ಮನೆ ಅಡುಗೆಗೆ ಅಂತ ಹೋಗುತ್ತಿದ್ದ ಅಕ್ಕಿ ಹೋಟೆಲು, ಕ್ಯಾಂಟೀನಿನ ಕಡೆಗೆ ಕಡಿಮೆ ಬೆಲೆಗೆ ಹೋಗತೊಡಗಿತು. ನನಗನ್ನಿಸುವುದು, ಮೊದಲು ಅಳೆದು ಆಮೇಲೆ ಬಾಯಿ ಬಿಟ್ಟಿದ್ದರೆ ಅರ್ಧ ನಷ್ಟ ತಪ್ಪುತ್ತಿತ್ತು. ವಿಕಿರಣ ಇಳಿಸಲು ಪೊಟ್ಯಾಷ್ ಇತ್ತು, ಆ ಘೋಷಣೆಯಿಂದ ಹೋದ ಮರ್ಯಾದೆಗೆ ಯಾವ ಗೊಬ್ಬರವೂ ಇರಲಿಲ್ಲ.

ಗದ್ದೆ ಸರಿಯಾದ ಕಡೆಗೂ ಜನ ಎಲ್ಲಾ ವಾಪಸ್ ಬರಲಿಲ್ಲ. ಸ್ಥಾವರ ಇರುವ ಓಕುಮಾ ಪಟ್ಟಣದ ಒಂದು ಭಾಗ 2019ರಲ್ಲಿ ತೆರೆಯಿತು, ಪಕ್ಕದ ಪಟ್ಟಣ ಫುತಾಬಾಗೆ ಜನ ವಾಪಸ್ ಹೋಗಬಹುದು ಅಂತ ಆಗಿದ್ದು 2022ರ ಆಗಸ್ಟಿನಲ್ಲಿ, ಅಂದರೆ ಹನ್ನೊಂದು ವರ್ಷಕ್ಕೆ. ಅಷ್ಟರಲ್ಲಿ ಮಕ್ಕಳು ಬೇರೆ ಊರಿನ ಶಾಲೆ ಮುಗಿಸಿ ಅಲ್ಲೇ ಕೆಲಸ ಹಿಡಿದಿರುತ್ತಾರೆ. ಬರುವವರು ಅಜ್ಜ ಅಜ್ಜಿಯರು. ಖಾಲಿ ಬಿದ್ದ ಊರಲ್ಲಿ ಕಾಡುಹಂದಿಗಳು ಮನೆ ಒಳಗೇ ಬೀಡು ಬಿಟ್ಟಿದ್ದವು. ಕಬ್ಬಿನ ಗದ್ದೆಗೆ ಹಂದಿ ನುಗ್ಗಿದರೆ ಏನಾಗುತ್ತದೆ ಅಂತ ಗೊತ್ತಿರುವವರಿಗೆ ಮನೆಗೇ ನುಗ್ಗಿದರೆ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಪ್ರಾಂತ್ಯದ ನೂರಕ್ಕೆ ಎಪ್ಪತ್ತು ಭಾಗ ಕಾಡು, ಕಾಡಿನ ಮಣ್ಣನ್ನು ಕೆತ್ತುವುದಕ್ಕೆ ಆಗುವುದಿಲ್ಲ, ಹಾಗಾಗಿ ಕಾಡಿನ ಅಣಬೆ, ಹಂದಿ ಮಾಂಸದಲ್ಲಿ ವರ್ಷಗಳಾದ ಮೇಲೂ ಸೀಸಿಯಂ ಸಿಗುತ್ತಲೇ ಇದೆ.

ಸಮುದ್ರಕ್ಕೆ ನೀರು ಬಿಡುವ ಗಲಾಟೆ ನಿಮಗೂ ಗೊತ್ತಿರುತ್ತದೆ. ಸ್ಥಾವರದ ಸಾವಿರಕ್ಕೂ ಜಾಸ್ತಿ ಟ್ಯಾಂಕುಗಳಲ್ಲಿ ಕೂಡಿಟ್ಟಿದ್ದ ವಿಕಿರಣದ ನೀರನ್ನು ಸೋಸಿ, ಸೋಸಿದರೂ ಉಳಿಯುವ ಟ್ರಿಟಿಯಂ ಅನ್ನುವ ವಿಕಿರಣ ವಸ್ತು ಲೀಟರಿಗೆ 1,500 ಬೆಕೆರೆಲ್‌ಗಿಂತ ಕಡಿಮೆ ಆಗುವಷ್ಟು ತೆಳು ಮಾಡಿ, 2023ರ ಆಗಸ್ಟ್ 24ರಿಂದ ಬಿಡುತ್ತಿದ್ದಾರೆ. ಚೀನಾ ಜಪಾನಿನ ಮೀನು ಕೊಳ್ಳುವುದನ್ನೇ ನಿಲ್ಲಿಸಿತು. ನನಗೆ ನೀರಿಗಿಂತ ಮಣ್ಣಿನ ವಿಷಯ ದೊಡ್ಡದು ಅನ್ನಿಸುತ್ತದೆ. ಮೀನಿನ ರಾಜಕೀಯದ ಮಧ್ಯೆ ಅದನ್ನು ಕೇಳುವವರೇ ಇಲ್ಲ.

ಇಲ್ಲಿ ಕೈಗಾ ಬಗ್ಗೆ ಮಾತು ಬಂದಾಗ, ಅದು ಕಾರವಾರದ ಕಡೆ ಬಿಡಿ, ನಮಗೇನು ಅನ್ನುವವರು ಇದ್ದಾರೆ. 220 ಮೆಗಾವ್ಯಾಟಿನ ನಾಲ್ಕು ಘಟಕ ಅಲ್ಲಿವೆ, ಇನ್ನೂ ಎರಡು ದೊಡ್ಡವು ಬರಲಿವೆ. ನಾನು ಅಣು ವಿದ್ಯುತ್ ಬೇಡವೇ ಬೇಡ ಅನ್ನುವವನಲ್ಲ. ಬೇಸಿಗೆಯಲ್ಲಿ ಪಂಪ್‌ಸೆಟ್‌ಗೆ ಕರೆಂಟು ಬೇಕು ಅಂತ ಕೂಗುವವರಲ್ಲಿ ನಾನೂ ಒಬ್ಬ. ಆದರೆ ನನಗೆ ಎರಡು ವಿಷಯ ಗೊತ್ತಾಗಬೇಕು. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಅವತ್ತೇ, ಆ ಗಂಟೆಯಲ್ಲೇ ಊರಿನವರಿಗೆ ಯಾರು ಹೇಳುತ್ತಾರೆ? ಮತ್ತೆ ಭತ್ತದ ಮೂಟೆ ಅಳೆಯುವವರು ಯಾರು?

ಕೆತ್ತಿ ತೆಗೆದ ಆ ಮಣ್ಣು ಈಗ ಓಕುಮಾ ಮತ್ತು ಫುತಾಬಾದಲ್ಲಿ ಇದೆ. ಸುಮಾರು 1.4 ಕೋಟಿ ಘನ ಮೀಟರ್. ಸ್ಥಾವರದ ಸುತ್ತಲಿನ ಮನೆ, ಗದ್ದೆಗಳ ಜಾಗದಲ್ಲೇ ಅದನ್ನು ಹಾಕಿದ್ದಾರೆ. ಇದು ತಾತ್ಕಾಲಿಕ, 2045ರೊಳಗೆ ಫುಕುಶಿಮಾದಿಂದ ಆಚೆ ಸಾಗಿಸುತ್ತೇವೆ ಅಂತ ಕಾನೂನಿನಲ್ಲೇ ಬರೆದುಕೊಟ್ಟಿದ್ದಾರೆ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಕಿಲೋಗೆ 8,000 ಬೆಕೆರೆಲ್‌ಗಿಂತ ಕಡಿಮೆ, ರಸ್ತೆ, ಏರಿ ಕೆಲಸಕ್ಕೆ ಅಡಿಯಲ್ಲಿ ಹಾಕಬಹುದು ಅನ್ನುತ್ತದೆ ಸರ್ಕಾರ. ಟೋಕಿಯೊದ ಒಂದು ಪಾರ್ಕಿನಲ್ಲಿ ಹಾಕಿ ನೋಡುತ್ತೇವೆ ಅಂದಾಗ ಅಕ್ಕಪಕ್ಕದವರು ಬೇಡ ಅಂದರು. ಕೊನೆಗೆ 2025ರ ಜುಲೈನಲ್ಲಿ ಎರಡು ಘನ ಮೀಟರ್ ಮಣ್ಣನ್ನು ಲಾರಿಯಲ್ಲಿ ತಂದು ಪ್ರಧಾನಿ ಕಚೇರಿಯ ಅಂಗಳದಲ್ಲೇ ಹಾಕಿದರು, ಮೇಲೆ 20 ಸೆಂಟಿಮೀಟರ್ ಬೇರೆ ಮಣ್ಣು ಮುಚ್ಚಿಸಿದರು. ಜನಕ್ಕೆ ಧೈರ್ಯ ಬರಲಿ ಅಂತ. 1.4 ಕೋಟಿಯಲ್ಲಿ ಎರಡು! ಉಳಿದದ್ದನ್ನು ನಾವು ಇಟ್ಟುಕೊಳ್ಳುತ್ತೇವೆ ಅಂತ 2025ರ ತನಕ ಒಂದು ಪ್ರಾಂತ್ಯವೂ ಮುಂದೆ ಬಂದಿಲ್ಲ.