ಮಿಸೈಲ್ ಹಾರಿಸಿದ್ದೀರಾ ಅಂತ ಕೇಳುವವರಿಗೆ

ಇಲ್ಲ. ಒಂದೂ ಹಾರಿಸಿಲ್ಲ. ವಾಯುಪಡೆಯಲ್ಲಿ 20 ವರ್ಷ ವೆಪನ್ ಫಿಟರ್ ಆಗಿದ್ದೆ, ಅಂದರೆ ವಿಮಾನಕ್ಕೆ ಮಿಸೈಲಿನಂಥ ಆಯುಧ ಜೋಡಿಸುವವನು. ಅಂಕೋಲೆಗೆ ವಾಪಸ್ ಬಂದ ಮೇಲೆ ಮೀನು ಪೇಟೆ, ಬಸ್ ಸ್ಟ್ಯಾಂಡ್, ಮದುವೆ ಊಟ, ಎಲ್ಲಿ ಹೋದರೂ ಇದೇ ಪ್ರಶ್ನೆ. ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ನೆಂಟರನ್ನು ಕಾರವಾರದ ಟಾಗೋರ್ ಬೀಚಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಐಎನ್‌ಎಸ್ ಚಾಪೆಲ್ ಇದೆಯಲ್ಲ, ನೌಕಾಪಡೆಯ ಹಳೇ ಮಿಸೈಲ್ ನೌಕೆ, 2006ರಿಂದ ಅದು ಮ್ಯೂಸಿಯಂ. ಡೆಕ್ಕಿನ ಮೇಲೆ ನಿಂತು ಹೆಂಡತಿಯ ತಮ್ಮ ಎಲ್ಲರೆದುರು ಕೇಳಿದ. "ಭಾವಾ, ಎಷ್ಟು ಹಾರಿಸಿದ್ದೀರಿ?" ಒಂದೂ ಇಲ್ಲ ಅಂದೆ. "ಹಾಗಾದ್ರೆ 20 ವರ್ಷ ಸುಮ್ನೆ ಸಂಬಳ ತಗೊಂಡ್ರಾ?" ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ "ಹಾಗಾದ್ರೆ" ಇದೆಯಲ್ಲ, ಅದೇ ನನಗೆ ಸಿಟ್ಟು ತರಿಸುವುದು.

ಗುಂಡಿ ಒತ್ತುವವನು ಪೈಲಟ್. ಅವನು ಒತ್ತಿದಾಗ ಹೋಗಬೇಕು, ಒತ್ತದೇ ಇದ್ದರೆ ಯಾವ ಕಾರಣಕ್ಕೂ ಹೋಗಬಾರದು. ಈ ಎರಡನೆಯದರಲ್ಲೇ ನಮ್ಮ ದಿನ ಕಳೆಯುತ್ತಿತ್ತು. ಆರ್-73 ಅಂತ ರಷ್ಯಾದ ಮಿಸೈಲ್ ಇದೆ, ಶಾಖ ಹುಡುಕಿಕೊಂಡು ಹೋಗುವಂಥದ್ದು. ಉದ್ದ ಹತ್ತಿರ ಹತ್ತಿರ 2.9 ಮೀಟರ್, ತೂಕ 105 ಕಿಲೋ. ಅಂದರೆ ಎರಡು ಮೂಟೆ ಅಕ್ಕಿಗಿಂತ ಜಾಸ್ತಿ. ಅಂಥದ್ದನ್ನು ರೆಕ್ಕೆಯ ಕೆಳಗಿನ ಹಳಿಗೆ ಏರಿಸುವ ಮೊದಲು ಉಂಗುರ, ವಾಚು ಬಿಚ್ಚಿಡಬೇಕು. ಬಟ್ಟೆ ಹತ್ತಿಯದೇ ಆಗಬೇಕು, ನೈಲಾನ್ ಉಜ್ಜಿದರೆ ಕಿಡಿ ಹುಟ್ಟುತ್ತದೆ. ವಿಮಾನಕ್ಕೆ ಅರ್ಥಿಂಗ್ ಕೊಡಬೇಕು. ಮೊಬೈಲ್ ಅಂತೂ ಹತ್ತಿರವೂ ಬರಬಾರದು. ಹಾರುವ ಮೊದಲು, ಮಿಸೈಲ್ ತಾನಾಗಿ ಹೊರಡದಂತೆ ತಡೆಯುವ ಕೆಂಪು ಪಟ್ಟಿಯ ಸೇಫ್ಟಿ ಪಿನ್ನುಗಳನ್ನು ಕಿತ್ತು, ಎಣಿಸಿ, ಪೈಲಟ್‌ಗೆ ಎತ್ತಿ ತೋರಿಸುತ್ತೇವೆ. ಇಳಿದ ಮೇಲೆ ಮೊದಲ ಕೆಲಸ ಅವನ್ನು ವಾಪಸ್ ಹಾಕುವುದು.

ತಾಲೀಮಿನ ಮಿಸೈಲಿಗೆ ಮೋಟಾರೂ ಇಲ್ಲ, ಸಿಡಿತಲೆಯೂ ಇಲ್ಲ, ಶಾಖ ಹುಡುಕುವ ಕಣ್ಣು ಮಾತ್ರ ನಿಜವಾದದ್ದು. ಮೂತಿಯ ಗಾಜಿನ ಮುಂದೆ ಟಾರ್ಚ್ ಹಿಡಿದು ನಿಧಾನಕ್ಕೆ ಆಡಿಸಿದರೆ ಒಳಗಿನ ಕಣ್ಣು ಬೆಳಕಿನ ಹಿಂದೆಯೇ ತಿರುಗುತ್ತದೆ. ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತ್ತು. ಇದನ್ನು ಯಾರೂ ಕೇಳುವುದಿಲ್ಲ.

ಯಾರಾದರೂ ಕೇಳಲಿ ಅಂತ ನಾನು ಕಾಯುವ ಪ್ರಶ್ನೆ ಬೇರೆ. ಯಾವತ್ತಾದರೂ "ಇವತ್ತು ಬೇಡ" ಅಂದಿದ್ದೀರಾ?

ಅಂದಿದ್ದೇನೆ. ಮಳೆಗಾಲದ ಒಂದು ರಾತ್ರಿ, ಊರು ಬೇಡ, ವಿಮಾನದ ಹೆಸರೂ ಬೇಡ. ಮಿಸೈಲಿನ ವಯರು ಜೋಡಿಸುವ ಮೊದಲು ವಿಮಾನದ ಕಡೆಯ ಕನೆಕ್ಟರಿನಲ್ಲಿ ಕರೆಂಟು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಅಲ್ಲಿಗೆ ಎಲ್ಲಿಂದಲೋ ಒಂದಿಷ್ಟು ಕರೆಂಟು ಹರಿದರೂ ರಾಕೆಟ್ ಮೋಟಾರು ನೆಲದ ಮೇಲೇ ಹೊತ್ತಿಕೊಳ್ಳಬಹುದು. ಅದಕ್ಕೊಂದು ಟೆಸ್ಟರ್ ಇದೆ, ಕರೆಂಟು ಇದ್ದರೆ ಅದರ ದೀಪ ಹತ್ತುತ್ತದೆ. ಹಚ್ಚಿದೆ, ದೀಪ ಹತ್ತಿತು. ತೆಗೆದು ಮತ್ತೆ ಹಚ್ಚಿದೆ, ಮತ್ತೆ ಹತ್ತಿತು. ಟೆಸ್ಟರೇ ಕೆಟ್ಟಿರಬೇಕು ಅಂದರು ಮೇಲಿನವರು. ಇನ್ನೊಂದು ತರಿಸಿದೆ. ಅದರಲ್ಲೂ ಹತ್ತಿತು. ಪೈಲಟ್ ಆಗಲೇ ಹೆಲ್ಮೆಟ್ ಹಿಡಿದು ನಿಂತಿದ್ದರು, ಎಲ್ಲರಿಗೂ ಹೊತ್ತಾಗುತ್ತಿತ್ತು, "ಒಂದು ದೀಪಕ್ಕೆ ಇಷ್ಟು ಹಟವಾ" ಅಂತ ಹಿಂದಿನಿಂದ ಒಬ್ಬರು ಗೊಣಗಿದ್ದೂ ಕೇಳಿಸಿತು. ಮಿಸೈಲನ್ನು ಟ್ರಾಲಿಯಿಂದ ಎತ್ತಲೇ ಇಲ್ಲ ನಾನು. ಈ ವಿಮಾನ ಹಾರುವ ಹಾಗಿಲ್ಲ ಅಂತ ವಿಮಾನದ ದಾಖಲೆ ಪುಸ್ತಕ ಎಫ್-700ರಲ್ಲಿ ಬರೆದು ಸಹಿ ಹಾಕಿದೆ. ಕೈ ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಬೆಳಿಗ್ಗೆ ಕನೆಕ್ಟರ್ ಬಿಚ್ಚಿ ಭೂತಗನ್ನಡಿ ಹಿಡಿದು ನೋಡಿದೆವು. ಎರಡು ಪಿನ್ನುಗಳ ನಡುವೆ ಹಸಿರು ಕಿಲುಬು, ಸಾಸಿವೆ ಕಾಳಿನಷ್ಟೂ ಇಲ್ಲ. ಕರೆಂಟು ಹರಿಯುತ್ತಿದ್ದದ್ದು ಅದರ ಮೂಲಕವೇ. ನನಗೆ ಕೂಡಲೇ ಗುರುತು ಸಿಕ್ಕಿತು. ನಮ್ಮ ಬಚ್ಚಲಿನ ತಾಮ್ರದ ಹಂಡೆಗೆ ಉಪ್ಪುಗಾಳಿಗೆ ಹತ್ತುತ್ತಿದ್ದದ್ದೂ ಇದೇ ಕಿಲುಬು, ಅಮ್ಮ ಹುಣಸೆಹಣ್ಣು ಕೊಟ್ಟು ಉಜ್ಜಿಸುತ್ತಿದ್ದಳು.

ಕನೆಕ್ಟರ್ ಬದಲಾಯಿಸಿದೆವು. ಸಂಜೆ ಮತ್ತೆ ಟೆಸ್ಟರ್ ಹಚ್ಚಿದೆ. ದೀಪ ಹತ್ತಲಿಲ್ಲ.