ಒಂದು ಬಾಗಿಲು ಬೀದಿಗೆ, ಇನ್ನೊಂದು ನದಿಗೆ: ಹೊಯ್ ಆನ್‌ನ ತಾನ್ ಕೀ ಮನೆ

ವಿಯೆಟ್ನಾಂಗೆ ಹೋದವರೆಲ್ಲ ಬಾ ನಾ ಬೆಟ್ಟದ ಚಿನ್ನದ ಸೇತುವೆಯ ಫೋಟೋ ಹಾಕುತ್ತಾರೆ. ನಾವೂ ಹೋಗಿದ್ದೆವು. ಸೇತುವೆಯನ್ನು ಹಿಡಿದುಕೊಂಡಿರುವ ಆ ದೊಡ್ಡ ಕೈಗಳು ಕಲ್ಲಿನವಲ್ಲ, ಕಲ್ಲಿನ ಬಣ್ಣ ಬಳಿದ ಫೈಬರ್ ಗ್ಲಾಸು. ಅದರ ಬಗ್ಗೆ ನನಗೆ ಹೇಳೋಕೆ ಇಷ್ಟೇ ಇರೋದು. ಹನೋಯ್, ಹಾ ಲಾಂಗ್ ಎಲ್ಲ ಚೆನ್ನಾಗಿತ್ತು. ಆದರೆ ಊರಿಗೆ ಬಂದ ಮೇಲೂ ಅಮ್ಮ ಮತ್ತು ನಾನು ಮಾತಾಡುತ್ತಿರುವುದು ಹಳೇ ಬಂದರು ಪಟ್ಟಣ ಹೊಯ್ ಆನ್‌ನ ಒಂದು ವ್ಯಾಪಾರಿ ಮನೆಯ ಬಗ್ಗೆ.

ಮೊದಲು ಒಂದು ಸಿಟ್ಟು ಹೊರಹಾಕಿಬಿಡುತ್ತೇನೆ. ಹಳೇ ಪೇಟೆ ತೋರಿಸುತ್ತೇವೆ ಅಂತ ಕರೆದುಕೊಂಡು ಹೋದ ಟೂರಿನವರು ನಮ್ಮನ್ನು ಈ ಮನೆಯೊಳಗೆ ನುಗ್ಗಿಸಿ, ಕೊಟ್ಟ ಚಹಾ ಕುಡಿಯುವ ಮುಂಚೆಯೇ ಹೊರಗೆ ಎಬ್ಬಿಸಿದರು. ಉಳಿದ ಮಧ್ಯಾಹ್ನವೆಲ್ಲ ಅವರಿಗೆ ಬೇಕಾದವರ ಒಂದು ಟೈಲರ್ ಅಂಗಡಿಯಲ್ಲಿ. ಸೂಟ್ ಹೊಲಿಸಿ, ಸೂಟ್ ಹೊಲಿಸಿ ಅಂತ ಒಂದೇ ವರಾತ. ಅಲ್ಲಿಗೆ ಹೋಗುವವರು ದಯವಿಟ್ಟು ಹಳೇ ಪೇಟೆಯ ಟಿಕೆಟ್ ನೀವೇ ತಗೊಳ್ಳಿ. ನಾವು ಹೋದಾಗ ವಿದೇಶಿಯರಿಗೆ 1,20,000 ಡಾಂಗ್ ಇತ್ತು. ಆಗ ಒಂದು ಟಿಕೆಟಿನಲ್ಲಿ ಐದು ಜಾಗ ನೋಡಬಹುದಿತ್ತು, ಯಾವುದು ಅಂತ ಆರಿಸಿಕೊಳ್ಳೋದು ನಮ್ಮ ಇಷ್ಟ. ಬಸ್ಸುಗಳು ಬರುವ ಮುಂಚೆ, ಬೆಳಿಗ್ಗೆಯೇ ಹೋಗಿ.

ಮಾರನೇ ದಿನ ನಾವಿಬ್ಬರೇ ಹಾಗೆ ಹೋದೆವು.

ಬೀದಿಯ ಕಡೆಯಿಂದ ನೋಡಿದರೆ ತಾನ್ ಕೀ ಮನೆ ಅಷ್ಟೇನೂ ದೊಡ್ಡದಲ್ಲ. ಅಗಲ ಕಡಿಮೆ. ಒಳಗೆ ಹೋದರೆ ಉದ್ದಕ್ಕೆ ಹೋಗುತ್ತಲೇ ಇರುತ್ತದೆ. ಮುಂದೆ ಅಂಗಡಿ, ಆಮೇಲೆ ಬಂದವರನ್ನು ಕೂರಿಸುವ ಪಡಸಾಲೆ, ನಡುವೆ ಬಿಸಿಲು, ಗಾಳಿ, ಮಳೆ ಎಲ್ಲಾ ಬರುವ ತೊಟ್ಟಿ. ಅದನ್ನೂ ದಾಟಿದರೆ ಹಿಂಬಾಗಿಲು. ಆ ಬಾಗಿಲಿನ ಎದುರಿಗೇ ತು ಬೋನ್ ನದಿ. ಕಟ್ಟಿ ಸುಮಾರು ಇನ್ನೂರು ವರ್ಷ ದಾಟಿದೆ. ಲೆ ಮನೆತನದ ಏಳು ತಲೆಮಾರು ಇಲ್ಲೇ ಬದುಕಿದೆ, ಈಗಲೂ ಅವರದ್ದೇ ಮನೆ. ಅದಕ್ಕೇ ಇದು ಮ್ಯೂಸಿಯಂ ಥರ ಅನ್ನಿಸುವುದಿಲ್ಲ.

ಅಮ್ಮ ಒಳಗೆ ಕಾಲಿಟ್ಟವಳೇ ಕಂಬದ ಮೇಲೆ ಕೈಯಾಡಿಸಿದಳು. "ಇದು ಹಲಸು ಕಣೋ." ಚಹಾ ತಂದ ಹುಡುಗಿಯನ್ನು ಕೇಳಿದರೆ, ಹೌದು, ಈ ಮನೆಗೆ ಹಲಸಿನ ಮರ ಬಳಸಿದ್ದಾರೆ ಅಂದಳು. ಅಲ್ಲಿಂದ ಅಮ್ಮನಿಗೂ ಅವಳಿಗೂ ಮಾತು ಶುರುವಾಯಿತು, ನಡುವೆ ನಾನು ದುಭಾಷಿ.

ಹುಡುಗಿ ನಮಗೆ ತೋರಿಸಬೇಕು ಅಂದುಕೊಂಡಿದ್ದು ಬೇರೆ. ತೊಟ್ಟಿಯ ಹತ್ತಿರ ಒಂದರ ಮೇಲೊಂದು, ಮೇಲೆ ಹೋದಂತೆ ಗಿಡ್ಡವಾಗುವ ಮೂರು ತೊಲೆಗಳಿವೆ. ಅದು ಜಪಾನಿನ ಶೈಲಿ. ಕಂಬಗಳಿಗೆ ಮುತ್ತಿನ ಚಿಪ್ಪು ಕೂರಿಸಿದ ಚೀನೀ ಪದ್ಯಗಳ ಹಲಗೆ ತೂಗುಹಾಕಿದ್ದಾರೆ. ಹತ್ತಿರ ಹೋಗಿ ನೋಡಿದರೆ ಅಕ್ಷರದ ಒಂದೊಂದು ಗೆರೆಯೂ ಒಂದೊಂದು ಹಾರುವ ಹಕ್ಕಿ! ಕನ್ಫ್ಯೂಷಿಯಸ್ ಬಟ್ಟಲು ಅಂತ ಒಂದಿದೆ. ಮುಕ್ಕಾಲು ತುಂಬಿಸಿದರೆ ನೀರು ನಿಲ್ಲುತ್ತದೆ, ಆಸೆಬಿದ್ದು ಅಂಚಿನವರೆಗೆ ತುಂಬಿಸಿದರೆ ಎಲ್ಲವೂ ಕೆಳಗಿನಿಂದ ಸೋರಿಹೋಗುತ್ತದೆ. ನಮ್ಮ ವಾಸುದೇವನ ಬಟ್ಟಲಿನ ಥರವೇ. ಸೈಫನ್ ಅಂತ ಗೊತ್ತಿದ್ದರೂ ನೋಡೋಕೆ ಮಜಾ.

ಅಮ್ಮನ ಕಣ್ಣು ಮಾತ್ರ ಗೋಡೆಯ ಮೇಲಿತ್ತು. ಅಲ್ಲಿ ಒಂದರ ಮೇಲೊಂದು ಗುರುತುಗಳು, ಪಕ್ಕದಲ್ಲಿ ಇಸವಿ. ಒಂದೊಂದು ಪ್ರವಾಹಕ್ಕೂ ನೀರು ಎಲ್ಲಿಯವರೆಗೆ ಬಂದಿತ್ತು ಅನ್ನುವ ಲೆಕ್ಕ. ನಾವು ನೋಡಿದ್ದರಲ್ಲಿ 1964ರದ್ದೇ ಎಲ್ಲಕ್ಕಿಂತ ಮೇಲೆ. ಆ ವರ್ಷ ಕೆಳಗಿನ ಅಂತಸ್ತು ಹೆಚ್ಚುಕಮ್ಮಿ ಪೂರ್ತಿ ಮುಳುಗಿತ್ತು.

"ಹಾಗಾದ್ರೆ ಸಾಮಾನೆಲ್ಲಾ ಎಲ್ಲಿ ಇಡ್ತಾರಂತೆ, ಕೇಳು."

ಹುಡುಗಿ ಮೇಲೆ ಕೈ ತೋರಿಸಿದಳು. ಅಟ್ಟದ ತೊಲೆಗೆ ಎರಡು ರಾಟೆ ಕಟ್ಟಿದ್ದಾರೆ. ವ್ಯಾಪಾರ ಇದ್ದ ಕಾಲದಲ್ಲಿ ಸರಕು ಅಟ್ಟಕ್ಕೆ ಹೋಗುತ್ತಿದ್ದದ್ದು ಅದರಲ್ಲೇ. ಈಗ ಸರಕಿಲ್ಲ. ನದಿ ಏರಿದಾಗ ಕುರ್ಚಿ, ಮೇಜು, ಪೆಟ್ಟಿಗೆ ಮೇಲೆ ಹೋಗುತ್ತವೆ.

"ಕೆಸರು?"

ಈ ಪ್ರಶ್ನೆಗೆ ಹುಡುಗಿ ನಕ್ಕುಬಿಟ್ಟಳು. ಪ್ರವಾಸಿಗಳು ಇದನ್ನು ಕೇಳೋದಿಲ್ಲವಂತೆ. ನೀರು ಪೂರ್ತಿ ಇಳಿಯೋವರೆಗೂ ಕಾಯಬಾರದು, ಇಳಿಯುತ್ತಿರುವಾಗಲೇ ಪೊರಕೆ ಹಿಡಿದು ಕಲಕಿ, ಅದೇ ನೀರಿನ ಜೊತೆ ಕೆಸರನ್ನು ಹೊರಗೆ ತಳ್ಳಿಬಿಡಬೇಕು. ಒಣಗಿತು ಅಂದರೆ ಕೆಲಸ ಕೆಟ್ಟಿತು. ಅಮ್ಮ ತಲೆಯಾಡಿಸಿದಳು. ಆಮೇಲೆ ನಾನು ಕೇಳಲು ಹಿಂಜರಿಯುತ್ತಿದ್ದದ್ದನ್ನು ಅವಳೇ ಕೇಳಿದಳು. "ಇಷ್ಟು ನೀರು ಬರೋ ಕಡೆ ಯಾಕೆ ಮನೆ ಕಟ್ಟಿದ್ರು?"

"ದೋಣಿ ಬರುತ್ತಿದ್ದದ್ದೂ ಅಲ್ಲಿಂದಲೇ ಅಲ್ವಾ?" ಅಂದಳು ಹುಡುಗಿ, ಹಿಂಬಾಗಿಲಿನ ಕಡೆ ನೋಡುತ್ತಾ.

ಹೊಯ್ ಆನ್‌ನ ಇಡೀ ಕಥೆ ಅಷ್ಟರಲ್ಲೇ ಬಂತು. ಹದಿನಾರು, ಹದಿನೇಳನೇ ಶತಮಾನದಲ್ಲಿ ಚೀನಾ, ಜಪಾನ್, ಯುರೋಪಿನ ಹಡಗುಗಳು ರೇಷ್ಮೆ, ಪಿಂಗಾಣಿ, ಮೆಣಸು, ದಾಲ್ಚಿನ್ನಿ, ಅಗರು ಅಂತ ಇಲ್ಲಿಗೆ ಬರುತ್ತಿದ್ದವು. 1630ರ ದಶಕದಲ್ಲಿ ಜಪಾನ್ ತನ್ನವರು ಹೊರದೇಶಕ್ಕೆ ಹೋಗುವುದನ್ನೇ ನಿಲ್ಲಿಸಿತು. ಚೀನಾದವರು ಉಳಿದರು. ತಾನ್ ಕೀಯವರದ್ದು ಆಮೇಲಿನ ಕಾಲ. ಈ ಮನೆಯ ನದಿ ಕಡೆಯ ಭಾಗವನ್ನು ಹೊರದೇಶದ ವ್ಯಾಪಾರಿಗಳಿಗೆ ಬಾಡಿಗೆಗೂ ಕೊಡುತ್ತಿದ್ದರಂತೆ. ಕೊನೆಗೆ ನದಿಯಲ್ಲಿ ಹೂಳು ತುಂಬಿತು. ದೊಡ್ಡ ಹಡಗುಗಳು ಬರುವುದು ನಿಂತಿತು. ಹತ್ತೊಂಬತ್ತನೇ ಶತಮಾನದ ಕೊನೆಗೆ ವ್ಯಾಪಾರವೆಲ್ಲ ಮೂವತ್ತು ಕಿಲೋಮೀಟರ್ ದೂರದ ದಾ ನಾಂಗ್‌ಗೆ ಹೋಯಿತು. ಹಳೇ ಮನೆ ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ಈ ಊರಿನಲ್ಲಿ ಓಡಾಡಲಿಲ್ಲ. ಹಾಗಾಗಿ ಬೀದಿಗೆ ಬೀದಿಯೇ ಇದ್ದ ಹಾಗೆ ಉಳಿಯಿತು. 1999ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ನಿಜ ಹೇಳಬೇಕು ಅಂದರೆ ಪೇಟೆ ಉಳಿದಿದ್ದು ನಷ್ಟದಿಂದ.

ಈಗ ರಾತ್ರಿ ಹೊತ್ತು ಅದೇ ನದಿಯಲ್ಲಿ ಲಾಂದ್ರ ಕಟ್ಟಿದ ದೋಣಿಗಳ ಜಾತ್ರೆ. ನನಗೆ ಅದು ಹಿಡಿಸಲಿಲ್ಲ. ಅಮ್ಮನಿಗೆ ಹಿಡಿಸಿತು, ಎರಡು ಸಲ ಹತ್ತಿದಳು.

ಟಿಕೆಟಿನಲ್ಲಿ ಒಂದು ಚೀಟಿ ಫುಂಗ್ ಹುಂಗ್ ಮನೆಗೂ ಉಳಿಸಿಕೊಳ್ಳಿ. 1780ರದ್ದು, ಹಳೇ ಪೇಟೆಯ ಜಪಾನಿ ಸೇತುವೆ ದಾಟಿದ ತಕ್ಷಣ ಸಿಗುತ್ತದೆ. ಅಲ್ಲೂ ಪ್ರವಾಹ ಬಂದರೆ ಸಾಮಾನು ಮೇಲೆತ್ತಲು ಮಹಡಿಯ ನೆಲದಲ್ಲೇ ಒಂದು ಕಿಂಡಿ ಬಾಗಿಲು ಮಾಡಿದ್ದಾರೆ. ಅಕ್ಟೋಬರ್, ನವೆಂಬರ್ ಮಾತ್ರ ಬೇಡ. ಆಗ ಆ ಕಿಂಡಿಗೆ, ಆ ರಾಟೆಗೆ ನಿಜವಾದ ಕೆಲಸ ಇರುತ್ತದೆ, ನೆಂಟರನ್ನು ಕೂರಿಸಿ ಚಹಾ ಕೊಡೋಕೆ ಯಾರಿಗೂ ಪುರುಸೊತ್ತಿರಲ್ಲ.